ಕೈಸರ್ ಕಾಲದ ಫೆನಿಗ್ ಚಿಲ್ಲರೆ: ಸಂಗ್ರಹ ಎಲ್ಲಿಂದ ಶುರು ಮಾಡಲಿ?

ಹಾಸನದವ_ಕಾರ್ಲ್ಸ್‌ರೂಹೆ:

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿಗೆ ಹೊಸಬ. ಊರು ಹಾಸನದ ಹತ್ತಿರ, ಈಗ ಕೆಲಸದ ಮೇಲೆ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿದ್ದೇನೆ. ಇಲ್ಲಿನ ಶನಿವಾರದ ಹಳೇ ಸಾಮಾನಿನ ಸಂತೆಯಲ್ಲಿ ಒಬ್ಬ ಅಜ್ಜ ಬಿಸ್ಕತ್ತಿನ ಡಬ್ಬಿ ತುಂಬ ಕೈಸರ್, ಅಂದರೆ ಜರ್ಮನ್ ಚಕ್ರವರ್ತಿಯ ಕಾಲದ ಚಿಲ್ಲರೆ ಕಾಸು ಇಟ್ಟುಕೊಂಡು ಕೂತಿದ್ದರು. ದೊಡ್ಡ ಬೆಳ್ಳಿ ನಾಣ್ಯಗಳನ್ನು ಯಾರೋ ಆಗಲೇ ಆರಿಸಿಕೊಂಡು ಹೋಗಿದ್ದರಂತೆ. ಉಳಿದದ್ದನ್ನು ಡಬ್ಬಿ ಸಮೇತ ಕಡಿಮೆ ಬೆಲೆಗೆ ಕೊಟ್ಟರು.

ಹೆಚ್ಚಿನವು ತಾಮ್ರದ ಬಣ್ಣದ 1 ಮತ್ತು 2 ಫೆನಿಗ್ (ಜರ್ಮನಿಯ ಹಳೇ ಪೈಸೆ). ಬಿಳಿ ಲೋಹದ 5 ಮತ್ತು 10 ಫೆನಿಗ್ ಕೂಡ ಇವೆ. ಕೆಲವು ಕಪ್ಪಾಗಿ ತುಕ್ಕು ಹಿಡಿದಿವೆ. ಒಂದೇ ಒಂದು ಬೆಳ್ಳಿ ಬಿಲ್ಲೆ ಇದೆ, 20 ಫೆನಿಗ್, 1876ರದ್ದು. ಉಗುರಿನಷ್ಟೇ ಚಿಕ್ಕದು. ಇಷ್ಟು ಚಿಕ್ಕ ನಾಣ್ಯ ನಿಜಕ್ಕೂ ಓಡಾಡುತ್ತಿತ್ತಾ, ಇಲ್ಲಾ ಇದು ಯಾರೋ ಮಾಡಿಸಿದ ಆಟದ ಬಿಲ್ಲೆಯಾ?

ಎಲ್ಲದರ ಮೇಲೂ ಹದ್ದು ಇದೆ. ರಾಜನ ಮುಖ ಎಲ್ಲೂ ಇಲ್ಲ. ಹದ್ದಿನ ಬದಿಯಲ್ಲಿ ಪುಟ್ಟ ಅಕ್ಷರ ಇದೆ: ಎ, ಡಿ, ಇ, ಎಫ್, ಜಿ, ಹೀಗೆ. ಇದು ಏನು? ಇವನ್ನು ಹೇಗೆ ಜೋಡಿಸಬೇಕು, ಇಸವಿ ಪ್ರಕಾರವೋ ಬೆಲೆ ಪ್ರಕಾರವೋ? ಅಮ್ಮನಿಗೆ ಫೋಟೋ ಕಳಿಸಿದೆ. ಹುಣಸೆಹಣ್ಣು ಹಾಕಿ ತಿಕ್ಕು, ಫಳಫಳ ಅನ್ನುತ್ತವೆ ಅಂದರು. ತಿಕ್ಕಲಾ?

ತಾಮ್ರ_ಧಾರವಾಡ:

ದಯವಿಟ್ಟು ತಿಕ್ಕಬೇಡಿ! ಅಮ್ಮನ ಮಾತು ದೇವರ ಮನೆಯ ಕೊಡಕ್ಕೆ, ತಂಬಿಗೆಗೆ ಸರಿ. ನಾಣ್ಯಕ್ಕೆ ಬೇಡ. ಯಾಕೆ ಅಂತ ಕೆಳಗೆ ಬರೆಯುತ್ತೇನೆ.

ನಾನು ಲೋಹಶಾಸ್ತ್ರ ಓದಿದವಳು. ಸ್ಯಾಕ್ಸನಿಯ ಫ್ರೈಬರ್ಗ್ ಗಣಿ ವಿಶ್ವವಿದ್ಯಾಲಯದಲ್ಲಿ ಕೆಲವು ವರ್ಷ ಇದ್ದೆ. ಫೆನಿಗ್ ಹುಚ್ಚು ಹತ್ತಿದ್ದು ಅಲ್ಲೇ. ದೊಡ್ಡ ಬೆಳ್ಳಿ, ಚಿನ್ನದ ನಾಣ್ಯಗಳಿಗೆ ಎಲ್ಲರೂ ಮುಗಿಬೀಳುತ್ತಾರೆ. ಆ ಸಾಮ್ರಾಜ್ಯದ ಕಥೆ ಗೊತ್ತಾಗಬೇಕಾದರೆ ಚಿಲ್ಲರೆಯನ್ನೇ ನೋಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನಿಮ್ಮ ಡಬ್ಬಿಯಲ್ಲಿ ಅದು ಪೂರ್ತಿ ಇದೆ.

ಮೊದಲು ಮುಖದ ವಿಷಯ. 1871ರಲ್ಲಿ ಜರ್ಮನಿ ಒಂದಾಯಿತು. ಆದರೆ ಒಳಗಿನ ರಾಜ್ಯಗಳು ಹಾಗೇ ಉಳಿದವು: ಪ್ರಷ್ಯಾ, ಬವೇರಿಯಾ, ಸ್ಯಾಕ್ಸನಿ, ವ್ಯೂರ್ಟೆಂಬರ್ಗ್, ನೀವಿರುವ ಬಾಡೆನ್, ಹೀಗೆ. 2 ಮಾರ್ಕ್ ಮತ್ತು ಅದಕ್ಕಿಂತ ದೊಡ್ಡ ನಾಣ್ಯಗಳ ಮೇಲೆ ಆಯಾ ರಾಜ್ಯದ ದೊರೆಯ ಮುಖ ಹಾಕಲು ಅವಕಾಶ ಇತ್ತು. ದೊರೆ ಇಲ್ಲದ ಹಾಂಬುರ್ಗ್, ಬ್ರೆಮೆನ್, ಲ್ಯೂಬೆಕ್ ಊರುಗಳು ತಮ್ಮ ಲಾಂಛನ ಹಾಕಿಕೊಂಡವು. 1 ಮಾರ್ಕ್ ಮತ್ತು ಅದಕ್ಕಿಂತ ಕೆಳಗಿನದು ಮಾತ್ರ ಇಡೀ ದೇಶಕ್ಕೆ ಒಂದೇ ಅಚ್ಚು. ಒಂದು ಕಡೆ ಹದ್ದು, ಇನ್ನೊಂದು ಕಡೆ ಬೆಲೆ. ಹಾಗಾಗಿ ಮ್ಯೂನಿಕ್‌ನ ತರಕಾರಿಯವಳ ಕೈಯಲ್ಲೂ ಹಾಂಬುರ್ಗ್ ಬಂದರಿನ ಕೂಲಿಯ ಕೈಯಲ್ಲೂ ಒಂದೇ ತರಹದ ಕಾಸು ಇತ್ತು. ಇದು ಸಣ್ಣ ಮಾತಲ್ಲ. ಅದಕ್ಕೆ ಮೊದಲು ಪ್ರಷ್ಯಾದಲ್ಲಿ ಒಂದು ಥಾಲರ್‌ಗೆ 30 ಗ್ರೋಶನ್, ಒಂದು ಗ್ರೋಶನ್‌ಗೆ 12 ಫೆನಿಗ್. ಸ್ಯಾಕ್ಸನಿಯಲ್ಲಿ ಗ್ರೋಶನ್‌ಗೆ 10 ಫೆನಿಗ್. ದಕ್ಷಿಣದಲ್ಲಿ ಲೆಕ್ಕವೇ ಬೇರೆ, ಒಂದು ಗುಲ್ಡನ್‌ಗೆ 60 ಕ್ರಾಯ್ಟ್ಸರ್. 1873ರ ಜುಲೈ 9ರ ನಾಣ್ಯ ಕಾಯ್ದೆ ಇದನ್ನೆಲ್ಲ ತೆಗೆದು 1 ಮಾರ್ಕ್‌ಗೆ 100 ಫೆನಿಗ್ ಅಂತ ಮಾಡಿತು. ಹಳೇ ಥಾಲರ್ 3 ಮಾರ್ಕ್ ಆಯಿತು.

ಜನ ಮಾತ್ರ ಹಳೇ ಲೆಕ್ಕ ಬಿಡಲಿಲ್ಲ. 10 ಫೆನಿಗ್ ಬಿಲ್ಲೆಯನ್ನು ಗ್ರೋಶನ್ ಅಂತಲೇ ಕರೆದರು. ಬರ್ಲಿನ್ ಕಡೆ 5 ಫೆನಿಗ್‌ಗೆ 'ಆರರದು' ಅನ್ನುವ ಹೆಸರು ಉಳಿಯಿತು, ಯಾಕೆಂದರೆ ಅರ್ಧ ಗ್ರೋಶನ್ ಅಂದರೆ ಹಿಂದೆ 6 ಫೆನಿಗ್. ನಮ್ಮಲ್ಲಿ 1957ರಲ್ಲಿ ಆಣೆ ಹೋದ ಮೇಲೂ 25 ಪೈಸೆಗೆ ನಾಲ್ಕಾಣೆ, 50 ಪೈಸೆಗೆ ಎಂಟಾಣೆ ಅನ್ನುತ್ತಿದ್ದೆವಲ್ಲ, ಹಾಗೆ.

ಇನ್ನು ಅಕ್ಷರ. ಅದು ಟಂಕಸಾಲೆಯ ಗುರುತು. ಎ ಅಂದರೆ ಬರ್ಲಿನ್, ಬಿ ಹ್ಯಾನೋವರ್, ಸಿ ಫ್ರಾಂಕ್‌ಫರ್ಟ್, ಡಿ ಮ್ಯೂನಿಕ್, ಎಫ್ ಸ್ಟುಟ್‌ಗಾರ್ಟ್, ಜಿ ನಿಮ್ಮದೇ ಕಾರ್ಲ್ಸ್‌ರೂಹೆ, ಎಚ್ ಡಾರ್ಮ್‌ಸ್ಟಾಟ್, ಜೆ ಹಾಂಬುರ್ಗ್. ಇ ಅಕ್ಷರಕ್ಕೆ ಎರಡು ಮನೆ. 1887ರ ತನಕ ಅದು ಡ್ರೆಸ್ಡೆನ್. ಆಮೇಲೆ ಆ ಟಂಕಸಾಲೆ ಮುಚ್ಚಿ ಕೆಲಸ ಮುಲ್ಡನ್‌ಹ್ಯೂಟನ್‌ಗೆ ಹೋಯಿತು, ಅಕ್ಷರ ಅದೇ ಉಳಿಯಿತು. ಮುಲ್ಡನ್‌ಹ್ಯೂಟನ್ ನಾನು ಓದಿದ ಫ್ರೈಬರ್ಗ್‌ನ ಪಕ್ಕದಲ್ಲೇ ಇದೆ. ಮುಲ್ಡ ನದಿಯ ದಂಡೆಯಲ್ಲಿ ಅದಿರು ಕರಗಿಸುತ್ತಿದ್ದ ಜಾಗ. ರಜೆಯ ದಿನ ಆ ದಾರಿಯಲ್ಲಿ ನಡೆದು ಹೋಗುವುದು ನನಗೆ ಬಹಳ ಇಷ್ಟವಾಗಿತ್ತು. ಇವತ್ತಿಗೂ ಇ ಅಕ್ಷರದ ಫೆನಿಗ್ ಕಂಡರೆ ಬಿಟ್ಟು ಬರಲು ಮನಸ್ಸಾಗುವುದಿಲ್ಲ.

ಈಗ ನಿಮ್ಮ ಜೇಬಿನ ಜರ್ಮನ್ ಯೂರೋ ಬಿಲ್ಲೆ ತೆಗೆದು ನೋಡಿ. ಅದರ ಮೇಲೂ ಎ, ಡಿ, ಎಫ್, ಜಿ, ಜೆ ಅಕ್ಷರಗಳಲ್ಲಿ ಒಂದು ಇರುತ್ತದೆ. ಅವೇ ಊರುಗಳು, ಅದೇ ಅಕ್ಷರ. ಕಾರ್ಲ್ಸ್‌ರೂಹೆಯ ಟಂಕಸಾಲೆ ಕಟ್ಟಡ ವೈನ್‌ಬ್ರೆನರ್ ಅನ್ನುವ ವಾಸ್ತುಶಿಲ್ಪಿ ರೂಪಿಸಿದ್ದು, 1827ರಲ್ಲಿ ಮುಗಿಯಿತು. ಕೆಲಸ ಮುಗಿಸಿ ಹೋಗುವಾಗ ಒಂದು ಸಲ ಆ ಬೀದಿಯಲ್ಲಿ ಹೋಗಿ ಬನ್ನಿ.

ಹದ್ದನ್ನೂ ಗಮನಿಸಿ. 1889ರ ತನಕದ ನಾಣ್ಯಗಳಲ್ಲಿ ಹದ್ದು ಚಿಕ್ಕದು, ಎದೆಯ ಗುರಾಣಿ ದೊಡ್ಡದು. 1890ರಿಂದ ಹದ್ದು ದೊಡ್ಡದಾಗಿ ರೆಕ್ಕೆ ಚಾಚಿದೆ, ಗುರಾಣಿ ಚಿಕ್ಕದಾಗಿದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಭೂತಗನ್ನಡಿ ಇಲ್ಲದೆಯೂ ಗೊತ್ತಾಗುತ್ತದೆ. ಡಬ್ಬಿಯನ್ನು ಮೊದಲು ಹೀಗೆ ಎರಡು ಗುಡ್ಡೆ ಮಾಡಿ. ಇನ್ನೊಂದು ವಿಷಯ ನೆನಪಿಡಿ. ಹ್ಯಾನೋವರ್ 1878ರಲ್ಲಿ ನಿಂತಿತು. ಅದರ ಹಿಂದೆಯೇ ಫ್ರಾಂಕ್‌ಫರ್ಟ್, 1882ರಲ್ಲಿ ಡಾರ್ಮ್‌ಸ್ಟಾಟ್. ಹಾಗಾಗಿ ಕೈಸರ್ ಕಾಲದ ದೊಡ್ಡ ಹದ್ದಿನ ನಾಣ್ಯದಲ್ಲಿ ಬಿ, ಸಿ, ಎಚ್ ಬರಲು ಸಾಧ್ಯವೇ ಇಲ್ಲ. ಯಾರಾದರೂ ತೋರಿಸಿದರೆ ಕೊಳ್ಳಬೇಡಿ.

ನಿಮ್ಮ 20 ಫೆನಿಗ್ ಆಟದ ಬಿಲ್ಲೆ ಅಲ್ಲ. ನಿಜವಾದ ನಾಣ್ಯವೇ. 1873ರಿಂದ 1877ರ ತನಕ ಹೊಡೆದರು. ಅಗಲ 16 ಮಿಲಿಮೀಟರ್, ತೂಕ 1.11 ಗ್ರಾಂ. ಬೆಳ್ಳಿ ನೂರಕ್ಕೆ 90. ಗುಣಿಸಿ ನೋಡಿ, ಒಳಗೆ ಸರಿಯಾಗಿ 1 ಗ್ರಾಂ ಶುದ್ಧ ಬೆಳ್ಳಿ. 1 ಮಾರ್ಕ್ ನಾಣ್ಯದಲ್ಲಿ ಸರಿಯಾಗಿ 5 ಗ್ರಾಂ. 500 ಗ್ರಾಂ ಬೆಳ್ಳಿಗೆ 100 ಮಾರ್ಕ್ ಅನ್ನುವ ಲೆಕ್ಕವನ್ನು ಚಿಲ್ಲರೆಯ ತನಕ ಹಾಗೇ ಇಳಿಸಿದ್ದಾರೆ. ಎಷ್ಟು ಚೊಕ್ಕ ಅಲ್ವಾ? ಆದರೆ ಇಷ್ಟು ಪುಟ್ಟ ಬಿಲ್ಲೆ ಜನರ ಬೆರಳಿಗೆ ಹಿಡಿತ ಸಿಗುತ್ತಿರಲಿಲ್ಲ, ಕಳೆದುಹೋಗುತ್ತಿತ್ತು. 1887ರಲ್ಲಿ ತಾಮ್ರ-ನಿಕಲ್‌ನಲ್ಲಿ ದೊಡ್ಡ 20 ಫೆನಿಗ್ ಮಾಡಿದರು. ಅದೂ ಜನರಿಗೆ ಹಿಡಿಸಲಿಲ್ಲ. 1909ರಲ್ಲಿ 25 ಫೆನಿಗ್ ಬಂತು, ಅದೂ 1912ಕ್ಕೆ ನಿಂತಿತು. ನೂರು ಗ್ರಾಂ ತೂಗುವ ಚಿಕ್ಕ ಡಿಜಿಟಲ್ ತಕ್ಕಡಿ ಒಂದನ್ನು ತೆಗೆದುಕೊಳ್ಳಿ, ದಶಾಂಶ ಎರಡು ಸ್ಥಾನ ತೋರಿಸುವಂಥದ್ದು. ನಿಮ್ಮದನ್ನು ತೂಗಿ ಇಲ್ಲಿ ಬರೆಯಿರಿ.

ಈಗ ತಿಕ್ಕುವ ವಿಷಯ. 1 ಮತ್ತು 2 ಫೆನಿಗ್‌ನಲ್ಲಿ ನೂರಕ್ಕೆ 95 ತಾಮ್ರ, 4 ತವರ, 1 ಸತು. ನೂರು ವರ್ಷದಲ್ಲಿ ಮೇಲೆ ಕಂದು ಬಣ್ಣದ ತೆಳು ಪದರ ಕೂತಿದೆ. ಅದು ಕೊಳೆಯಲ್ಲ, ಒಳಗಿನ ಲೋಹವನ್ನು ಕಾಯುವ ಹೊದಿಕೆ. ಹುಣಸೆಯ ಹುಳಿ ಅದನ್ನು ಕರಗಿಸಿಬಿಡುತ್ತದೆ. ಆಗ ಹಸಿ ಗುಲಾಬಿ ಬಣ್ಣ ಬರುತ್ತದೆ. ಅನುಭವ ಇರುವವರು ದೂರದಿಂದಲೇ ಗುರುತು ಹಿಡಿಯುತ್ತಾರೆ, ಸಂಗ್ರಹದ ಬೆಲೆ ಅಲ್ಲಿಗೆ ಮುಗಿಯಿತು. ಮಣ್ಣು ಅಂಟಿದ್ದರೆ ಡಿಸ್ಟಿಲ್ಡ್ ವಾಟರ್‌ನಲ್ಲಿ ನೆನೆಹಾಕಿ, ಮೆತ್ತನೆ ಬಟ್ಟೆಯಲ್ಲಿ ಒತ್ತಿ ಒಣಗಿಸಿ. ಉಜ್ಜಬೇಡಿ.

ತುಕ್ಕು ಹಿಡಿದವು ಕಬ್ಬಿಣದವು. ಅವಕ್ಕೆ ನೀರೂ ಬೇಡ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ನೌಕಾಪಡೆ ಸಮುದ್ರದ ದಾರಿ ಕಟ್ಟಿಹಾಕಿತು. ನಿಕಲ್ ಹೊರಗಿನಿಂದ ಬರುವುದು ನಿಂತಿತು. ಒಳಗೆ ಇದ್ದದ್ದು ಉಕ್ಕಿಗೆ, ಶಸ್ತ್ರಕ್ಕೆ ಬೇಕಾಯಿತು. ತಾಮ್ರ ತೋಟಾಗಳಿಗೆ ಹೋಯಿತು. ಸರ್ಕಾರ ಜನರ ಜೇಬಿನ ಚಿಲ್ಲರೆಗೇ ಕೈಹಾಕಿತು. 5 ಫೆನಿಗ್ 1915ರಿಂದ ಕಬ್ಬಿಣ, 10 ಫೆನಿಗ್ 1916ರಿಂದ ಕಬ್ಬಿಣ, 1917ರಿಂದ ಸತುವಿನದೂ ಬಂತು. 1 ಫೆನಿಗ್ 1917ರಲ್ಲಿ ಅಲ್ಯುಮಿನಿಯಂ ಆಯಿತು. ತಾಮ್ರದ 1 ಮತ್ತು 2 ಫೆನಿಗ್ 1916ಕ್ಕೆ ಮುಗಿಯಿತು. ನೀವು 1910ರ ಒಂದು 10 ಫೆನಿಗ್, 1917ರ ಕಬ್ಬಿಣದ್ದು ಒಂದು, ಸತುವಿನದು ಒಂದು, ಇವನ್ನು ಸಾಲಾಗಿ ಇಟ್ಟು ನೋಡಿ. ಒಂದು ದೇಶದ ಉಗ್ರಾಣ ಹೇಗೆ ಬರಿದಾಯಿತು ಅನ್ನುವುದು ಅಂಗೈಯಲ್ಲಿ ಕಾಣುತ್ತದೆ. ನನಗೆ ಇಡೀ ಸಂಗ್ರಹದಲ್ಲಿ ಇದೇ ಸಾಲು ಹೆಚ್ಚು ಪ್ರಿಯ.

ಆ ಕಬ್ಬಿಣದ ಬಿಲ್ಲೆಗಳಿಗೆ ಸತುವಿನ ಲೇಪ ಇದೆ. ಬಿಲ್ಲೆಗಳನ್ನು ಸತುವಿನ ಪುಡಿಯ ಜೊತೆ ಮುಚ್ಚಿದ ಪೀಪಾಯಿಯಲ್ಲಿ ಹಾಕಿ ಬಿಸಿ ಮಾಡುವುದು ಆ ವಿಧಾನ. ಸತು ಕರಗುವುದು 419 ಡಿಗ್ರಿಯಲ್ಲಿ. ಅಷ್ಟು ಬಿಸಿ ಮಾಡದೆ ಸ್ವಲ್ಪ ಕೆಳಗೇ ನಿಲ್ಲಿಸಿ, ಪೀಪಾಯಿ ತಿರುಗಿಸುತ್ತಾ ಇರಬೇಕು. ಸತು ನಿಧಾನಕ್ಕೆ ಕಬ್ಬಿಣದ ಮೈಯೊಳಗೆ ಇಳಿಯುತ್ತದೆ. ತೆಳುವಾದ ಬೂದು ಪದರ ಬರುತ್ತದೆ. ನೀವು ತುಕ್ಕು ತೆಗೆಯಲು ಹೋದರೆ ಉಳಿದಿರುವ ಆ ಪದರವೂ ಹೋಗಿ ಮುಂದಿನ ಮಳೆಗಾಲಕ್ಕೆ ಪೂರ್ತಿ ತುಕ್ಕಾಗುತ್ತದೆ. ಒಣಗಿದ ಜಾಗದಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ, ಬೇರೆಯಾಗಿ ಇಡಿ. ಪಿವಿಸಿ ಪ್ಲಾಸ್ಟಿಕ್ ಚೀಲ ಮಾತ್ರ ಬೇಡವೇ ಬೇಡ. ತಾಮ್ರದ ಮೇಲೆ ಹಸಿರು ಅಂಟು ಬಿಡುತ್ತದೆ. ಕಿಟಕಿ ಇರುವ ರಟ್ಟಿನ ಚೌಕಗಳು ಸಾಕು.

ಬೆಳಗಾವಿ_ನಾಣ್ಯ:

ಅಕ್ಕ ಎಲ್ಲ ಚೆನ್ನಾಗಿ ಹೇಳಿದ್ದಾರೆ. ಒಂದು ಮಾತು ಸೇರಿಸುತ್ತೇನೆ. ನನ್ನ ಪ್ರಕಾರ ಇಸವಿ ಹಿಡಿದು ಹೋಗುವುದೇ ಮಜಾ. ದೊಡ್ಡ ಹದ್ದಿನ 1 ಫೆನಿಗ್ 1890ರಿಂದ 1916ರ ತನಕ ಬಂದಿದೆ. ಆಲ್ಬಮ್ಮಿನಲ್ಲಿ ಒಂದೊಂದೇ ಖಾನೆ ತುಂಬುತ್ತಾ ಹೋದರೆ ಮನಸ್ಸಿಗೆ ಸಮಾಧಾನ. ಹೆಚ್ಚಿನವು ಜರ್ಮನಿಯ ಅಂಗಡಿಗಳಲ್ಲಿ ಕಿಲೋ ಲೆಕ್ಕದಲ್ಲೇ ಸಿಗುತ್ತವೆ. ಹಾಸನದವರೇ, ನೀವು ಅಲ್ಲೇ ಇದ್ದೀರಿ. ನಮಗೆ ಇಲ್ಲಿ ಅಂಚೆ ಖರ್ಚೇ ನಾಣ್ಯಕ್ಕಿಂತ ಜಾಸ್ತಿ ಆಗುತ್ತದೆ.

ಜರ್ಮನ್ ವ್ಯಾಪಾರಿಗಳು ಪ್ರತಿ ನಾಣ್ಯಕ್ಕೂ ಯೇಗರ್ ನಂಬರ್, ಅಂದರೆ ಯೇಗರ್ ಅನ್ನುವ ನಾಣ್ಯಪಟ್ಟಿಯ ಪುಸ್ತಕದಲ್ಲಿರುವ ನಂಬರ್ ಹಾಕುತ್ತಾರೆ. ಚಿಕ್ಕ ಹದ್ದಿನ 1 ಫೆನಿಗ್ ನಂಬರ್ 1. ದೊಡ್ಡ ಹದ್ದಿನದು ನಂಬರ್ 10. ನಿಮ್ಮ ಬೆಳ್ಳಿ 20 ಫೆನಿಗ್ ನಂಬರ್ 5. 1ರಿಂದ 18ರ ಒಳಗೆ ಕೈಸರ್ ಕಾಲದ ಚಿಲ್ಲರೆ ಎಲ್ಲ ಬಂತು, ಯುದ್ಧದ ಲೋಹಗಳು ಬಿಟ್ಟು. ಅವು 297ರಿಂದ ಶುರು. ಸವೆತದ ದರ್ಜೆ ಒಂದೆರಡು ಅಕ್ಷರದಲ್ಲಿ ಬರೆದಿರುತ್ತಾರೆ. ಒಂದೇ 'ಎಸ್' ಇದ್ದರೆ ಸಾಕಷ್ಟು ಸವೆದದ್ದು, 'ಎಸ್‌ಎಸ್' ಇದ್ದರೆ ಪರವಾಗಿಲ್ಲ, 'ವಿಝಡ್' ಇದ್ದರೆ ಬಹಳ ಚೆನ್ನಾಗಿದೆ, 'ಎಸ್‌ಟಿ' ಇದ್ದರೆ ಅಚ್ಚಿನಿಂದ ಬಂದ ಹಾಗೇ ಇದೆ.

ಹಾಸನದವ_ಕಾರ್ಲ್ಸ್‌ರೂಹೆ:

ಅಕ್ಕ, ಬೆಳಗಾವಿಯವರೇ, ಇಬ್ಬರಿಗೂ ತುಂಬ ಧನ್ಯವಾದ. ಅಮ್ಮನಿಗೂ ಓದಿ ಹೇಳಿದೆ. ಹಾಗಾದರೆ ಬೇಡಪ್ಪ ಅಂದರು.

ತಕ್ಕಡಿ ತರಿಸಿದೆ. 20 ಫೆನಿಗ್ 1.07 ಗ್ರಾಂ ಬಂತು. ಅಕ್ಷರ ಎಫ್. ಎರಡು ಗುಡ್ಡೆಯೂ ಮಾಡಿದೆ. ಎ ಅಕ್ಷರದ್ದೇ ಅರ್ಧಕ್ಕಿಂತ ಹೆಚ್ಚು. ಡಿ, ಇ, ಎಫ್, ಜಿ, ಜೆ ಸಿಕ್ಕವು. ಬಿ ಒಂದು ಸಿಕ್ಕಿತು. ಸಿ ಮತ್ತು ಎಚ್ ಇಲ್ಲವೇ ಇಲ್ಲ.

ಎರಡು ವಿಷಯ ಅರ್ಥ ಆಗಲಿಲ್ಲ. ಕಬ್ಬಿಣ ಬೇರೆ ಮಾಡೋಣ ಅಂತ ಆಯಸ್ಕಾಂತ ಆಡಿಸಿದೆ. ಹೊಳೆಯುವ ಒಂದು 25 ಫೆನಿಗ್ ಕೂಡ ಅಂಟಿಕೊಂಡಿತು. ತುಕ್ಕಿನ ಸುಳಿವೇ ಇಲ್ಲ. ಪಕ್ಕದ 10 ಫೆನಿಗ್ ನೋಡಲು ಅದೇ ಬಣ್ಣ, ಆದರೆ ಅಂಟುವುದಿಲ್ಲ. ನಕಲಿಯಾ? ಇನ್ನೊಂದು, 1921 ಅಂತ ಇರುವ 5 ಫೆನಿಗ್ ಮೇಲೂ ಕೈಸರ್‌ನ ಹದ್ದೇ ಇದೆ. ಕೈಸರ್ 1918ರಲ್ಲೇ ಪಟ್ಟ ಬಿಟ್ಟು ಹೋದ ಅಲ್ವಾ?

ತಾಮ್ರ_ಧಾರವಾಡ:

1.07 ಸರಿಯಾಗಿದೆ. ಕೈಯಿಂದ ಕೈಗೆ ಹೋಗಿ ಸವೆದ ಬೆಳ್ಳಿ ಅಷ್ಟು ಇಳಿಯುತ್ತದೆ. ಸ್ಟುಟ್‌ಗಾರ್ಟ್‌ನಲ್ಲಿ ಹೊಡೆದದ್ದು, ನಿಮ್ಮ ಊರಿನಿಂದ ಬಹಳ ದೂರ ಹೋಗಿಲ್ಲ ಅಂತ ಕಾಣುತ್ತದೆ.

25 ಫೆನಿಗ್ ನಕಲಿ ಅಲ್ಲ. ನಿಮ್ಮ ಆಯಸ್ಕಾಂತ ಸರಿಯಾಗಿಯೇ ಹೇಳಿದೆ. ಅದು ನಿಕಲ್ ಮಾತ್ರ, ಬೇರೇನೂ ಬೆರೆಸಿಲ್ಲ. ನಿಕಲ್ ಕೂಡ ಕಬ್ಬಿಣದಂತೆ ಆಯಸ್ಕಾಂತಕ್ಕೆ ಅಂಟುತ್ತದೆ. 5 ಮತ್ತು 10 ಫೆನಿಗ್‌ನಲ್ಲಿ ತಾಮ್ರ 75, ನಿಕಲ್ 25. ಬಣ್ಣ ಬೆಳ್ಳಗೇ ಇರುತ್ತದೆ, ಆದರೆ ಅಷ್ಟು ತಾಮ್ರ ಸೇರಿದರೆ ಮನೆಯ ಬಿಸಿಯಲ್ಲಿ ಆ ಗುಣ ಉಳಿಯುವುದಿಲ್ಲ. ನಮಗೆ ಪಾಠ ಮಾಡುವಾಗ ಇದೇ ಉದಾಹರಣೆ ಕೊಡುತ್ತಿದ್ದರು. ಆಯಸ್ಕಾಂತ ಜೇಬಲ್ಲೇ ಇಟ್ಟುಕೊಳ್ಳಿ. ಯುದ್ಧಕ್ಕೆ ಮುಂಚಿನ 10 ಫೆನಿಗ್ ಅಂಟಿದರೆ ಅದು ಏನೋ ಎಡವಟ್ಟು.

1921ರದು ನಿಮ್ಮ ಲೆಕ್ಕ ಸರಿ. ಕೈಸರ್ ಎರಡನೇ ವಿಲ್ಹೆಲ್ಮ್ 1918ರ ನವೆಂಬರ್‌ನಲ್ಲಿ ಹಾಲೆಂಡಿಗೆ ಹೋದ. ದೇಶ ಗಣರಾಜ್ಯ ಆಯಿತು. ಆದರೆ ಕಬ್ಬಿಣದ 5 ಮತ್ತು 10 ಫೆನಿಗ್ ಅದೇ ಅಚ್ಚಿನಲ್ಲಿ 1922ರ ತನಕ ಬಂದವು. ಕಿರೀಟ ಬಿದ್ದ ದೇಶದಲ್ಲಿ ಕಿರೀಟದ ಹದ್ದು ತರಕಾರಿ ಅಂಗಡಿಯಲ್ಲಿ ಓಡಾಡುತ್ತಲೇ ಇತ್ತು. ಆಮೇಲೆ ಹಣದುಬ್ಬರ ಎಲ್ಲವನ್ನೂ ನುಂಗಿತು. 1923ರ ನವೆಂಬರ್‌ನಲ್ಲಿ ಹೊಸ ರೆಂಟೆನ್‌ಮಾರ್ಕ್ ಬಂದಾಗ ಅದರ ಒಂದಕ್ಕೆ ಹಳೇ ಕಾಗದದ ಒಂದು ಲಕ್ಷ ಕೋಟಿ ಮಾರ್ಕ್. ಫೆನಿಗ್‌ಗೆ ಅರ್ಥವೇ ಇರಲಿಲ್ಲ. ಡಬ್ಬಿಗಳಲ್ಲಿ ಇಷ್ಟೊಂದು ಕಬ್ಬಿಣದ ಬಿಲ್ಲೆ ಉಳಿದಿರುವುದಕ್ಕೆ ಇದೂ ಕಾರಣ ಅಂತ ನನ್ನ ಊಹೆ. ಆ 1921ರದನ್ನು ಎಸೆಯಬೇಡಿ, ಯುದ್ಧದ ಸಾಲಿನ ಕೊನೆಗೆ ಇಡಿ.

ಬೆಳಗಾವಿಯವರ ಜೊತೆ ನನ್ನದು ಒಂದು ತಕರಾರು ಇದೆ. ಇಸವಿ ಹಿಡಿದು ಹೋದರೆ ಅಷ್ಟಕ್ಕೇ ಯಾರೂ ನಿಲ್ಲುವುದಿಲ್ಲ. ಪ್ರತಿ ಇಸವಿಗೂ ಎಲ್ಲ ಅಕ್ಷರ ಬೇಕು ಅನ್ನಿಸುತ್ತದೆ. ಆಗ 1902ರ ಜೆ ಅಕ್ಷರದ 1 ಫೆನಿಗ್ ಹತ್ತಿರ ಬಂದು ನಿಲ್ಲುತ್ತೀರಿ. ತಾಮ್ರದ ಒಂದು ಪೈಸೆಯಂಥ ಬಿಲ್ಲೆ, ಆದರೆ ಸಿಗುವುದು ಬಹಳ ಅಪರೂಪ. ಬೇಡಿಕೆ ಜಾಸ್ತಿ ಇರುವುದರಿಂದ ಬೇರೆ ಇಸವಿಯ ಅಂಕಿ ಕೆತ್ತಿ ಅದನ್ನು ಮಾಡುವವರೂ ಇದ್ದಾರೆ. ಅಂಥದ್ದನ್ನು ಕಾಗದಪತ್ರ ಇಲ್ಲದೆ ಕೊಳ್ಳಬಾರದು. ಆ ಒಂದು ಖಾನೆ ಖಾಲಿ ಅಂತ ಕೊರಗುವುದಕ್ಕಿಂತ, ಹೊಸಬರು ಒಂಬತ್ತು ಅಕ್ಷರಗಳ ಒಂದು ಸಾಲು ಮಾಡುವುದು ಒಳ್ಳೆಯದು. ಚಿಕ್ಕ ಹದ್ದಿನ 1 ಫೆನಿಗ್, ಎ-ಯಿಂದ ಜೆ ತನಕ. ನಡುವೆ ಐ ಇಲ್ಲ. ಅದಾದ ಮೇಲೆ ಲೋಹದ ಸಾಲು. ಇವೆರಡು ಮುಗಿಯುವ ಹೊತ್ತಿಗೆ ನಿಮಗೆ ಏನು ಬೇಕು ಅಂತ ನಿಮಗೇ ಗೊತ್ತಾಗಿರುತ್ತದೆ.

ಬೆಳಗಾವಿ_ನಾಣ್ಯ:

1902 ಜೆ ವಿಷಯ ಒಪ್ಪುತ್ತೇನೆ ಅಕ್ಕ. ನನ್ನ ಆಲ್ಬಮ್ಮಿನಲ್ಲೂ ಆ ಖಾನೆ ಖಾಲಿಯೇ. ಆದರೂ ಇಸವಿ ಬಿಡಲಾರೆ. 2 ಫೆನಿಗ್ ತೆಗೆದುಕೊಳ್ಳಿ. 1877ಕ್ಕೆ ನಿಂತದ್ದು ಮತ್ತೆ 1904ಕ್ಕೆ ಶುರುವಾಗುತ್ತದೆ. ನಡುವೆ 26 ವರ್ಷ ಒಂದೂ ಇಲ್ಲ. ಇಸವಿ ಜೋಡಿಸದೆ ಹೋದರೆ ಈ ಖಾಲಿ ಜಾಗ ಕಣ್ಣಿಗೆ ಬೀಳುವುದೇ ಇಲ್ಲ.

ತಾಮ್ರ_ಧಾರವಾಡ:

ಇದು ಒಳ್ಳೆಯ ಮಾತು. 2 ಫೆನಿಗ್‌ಗೆ ನಿಮ್ಮ ದಾರಿಯೇ ಸರಿ.

ಕುಡ್ಲದ_ಕಾಸು:

ತಡವಾಗಿ ನೋಡಿದೆ. ಹಾಸನದವರೇ, ನಿಮ್ಮ ಡಬ್ಬಿಯಲ್ಲಿ 'ಡಾಯ್ಚ್ ಓಸ್ಟ್‌ಆಫ್ರಿಕಾ' ಅಂತ ಬರೆದದ್ದು ಏನಾದರೂ ಇದೆಯಾ ನೋಡಿ. ಜರ್ಮನ್ ಪೂರ್ವ ಆಫ್ರಿಕಾದ ಚಿಲ್ಲರೆ. ನಮ್ಮ ರೂಪಾಯಿ ಜೊತೆ ನೇರ ಸಂಬಂಧ ಇರುವುದು ಇದಕ್ಕೇ.

ಇಂದಿನ ಟಾಂಜಾನಿಯಾದ ಆ ಕರಾವಳಿಯಲ್ಲಿ ವ್ಯಾಪಾರ ನಡೆಯುತ್ತಿದ್ದದ್ದು ಭಾರತದ ಬೆಳ್ಳಿ ರೂಪಾಯಿಯಲ್ಲಿ. ಜರ್ಮನ್ ಕಂಪನಿ 1890ರಲ್ಲಿ ತನ್ನ ನಾಣ್ಯ ಹೊಡೆಯುವಾಗ ಮಾರ್ಕ್ ತರಲು ಹೋಗಲಿಲ್ಲ. ರೂಪಾಯಿಯನ್ನೇ ಇಟ್ಟುಕೊಂಡಿತು. ಚಿಲ್ಲರೆಗೆ ತಾಮ್ರದ 'ಪೆಸಾ'. 1 ರೂಪಾಯಿಗೆ 64 ಪೆಸಾ, ನಮ್ಮ ಹಳೇ ಲೆಕ್ಕದ 64 ಪೈಸೆ ಇದ್ದ ಹಾಗೇ. ಒಂದು ಕಡೆ ಹದ್ದು, ಇನ್ನೊಂದು ಕಡೆ ಅರಬ್ಬಿ ಬರಹ, ಹಿಜರಿ ಇಸವಿ. ಬರ್ಲಿನ್ನಿನ ಹದ್ದು, ಅರಬ್ಬಿ ಅಕ್ಷರ, ಭಾರತದ ಲೆಕ್ಕ ಮೂರೂ ಒಂದೇ ತಾಮ್ರದ ಬಿಲ್ಲೆಯಲ್ಲಿ! ನನ್ನ ಸಂಗ್ರಹ ಶುರುವಾದದ್ದೇ ಒಂದು ಸವೆದ ಪೆಸಾದಿಂದ. ಮನೆಯ ಹಿರಿಯರೊಬ್ಬರು ಆಫ್ರಿಕಾದ ಕಡೆ ಹಡಗಿನಲ್ಲಿ ಕೆಲಸ ಮಾಡಿದ್ದರು, ಅವರ ಪೆಟ್ಟಿಗೆಯಲ್ಲಿ ಇತ್ತು.

1904ರಲ್ಲಿ ಲೆಕ್ಕ ಬದಲಾಯಿತು. ರೂಪಾಯಿಗೆ 100 ಹೆಲ್ಲರ್. 1 ಹೆಲ್ಲರ್ ಈಗಲೂ ಸುಲಭಕ್ಕೆ ಸಿಗುತ್ತದೆ. 5 ಮತ್ತು 10 ಹೆಲ್ಲರ್‌ನಲ್ಲಿ ನಡುವೆ ತೂತು ಇರುವ ನಾಣ್ಯಗಳೂ ಬಂದವು. ಅಕ್ಕ ಹೇಳಿದ ಲೋಹದ ಕಥೆ ಅಲ್ಲೂ ನಡೆಯಿತು, ಇನ್ನೂ ಕಷ್ಟದಲ್ಲಿ. ಯುದ್ಧ ಬಂದ ಮೇಲೆ ಜರ್ಮನಿಯಿಂದ ನಾಣ್ಯ ಬರುವ ದಾರಿ ಮುಚ್ಚಿತು. 1916ರಲ್ಲಿ ಟಬೋರಾ ಊರಿನ ರೈಲ್ವೆ ವರ್ಕ್‌ಶಾಪಿನಲ್ಲಿ ತಾವೇ 5 ಮತ್ತು 20 ಹೆಲ್ಲರ್ ಹೊಡೆದರು. ಹಿತ್ತಾಳೆಗೆ ಶೆಲ್ಲುಗಳ ಖಾಲಿ ಕವಚ ಕರಗಿಸಿದರು. ಗುರುತಿಗೆ ಟಿ ಅಕ್ಷರ. ಅಚ್ಚು ಒರಟು, ಅಂಚು ವಕ್ರ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬೆಲ್ಜಿಯಂ ಸೇನೆ ಟಬೋರಾ ಹಿಡಿಯಿತು, ಟಂಕಸಾಲೆಯೂ ಮುಗಿಯಿತು. ಹಿತ್ತಾಳೆಯ 20 ಹೆಲ್ಲರ್ ಇವತ್ತಿಗೂ ಸಾಮಾನ್ಯರ ಕೈಗೆಟಕುವ ಬೆಲೆಗೆ ಸಿಗುತ್ತದೆ. ಕೈಸರ್ ಸಾಮ್ರಾಜ್ಯದ ಚಿಲ್ಲರೆ ಜೋಡಿಸುವವರು ಇದನ್ನು ಬಿಡಬಾರದು ಅನ್ನುವುದು ನನ್ನ ಮಾತು.

ಹಾಸನದವ_ಕಾರ್ಲ್ಸ್‌ರೂಹೆ:

ಆಫ್ರಿಕಾದ್ದು ಒಂದೂ ಇಲ್ಲ. ಆದರೆ ಈಗ ಹುಡುಕುತ್ತೇನೆ. ಅರಬ್ಬಿ ಬರಹದ ಹದ್ದು ನೋಡಲೇಬೇಕು.

ಇನ್ನೊಂದು ನೇರ ಪ್ರಶ್ನೆ. ಆಫೀಸಿನ ಗೆಳೆಯರೊಬ್ಬರು, ಇದರಲ್ಲಿ ದುಡ್ಡು ಹಾಕಿದರೆ ಮುಂದೆ ಲಾಭ ಬರುತ್ತದಾ ಅಂತ ಕೇಳಿದರು. ಏನು ಹೇಳಲಿ?

ತಾಮ್ರ_ಧಾರವಾಡ:

ಬರುವುದಿಲ್ಲ ಅಂತ ಹೇಳಿ. ಕೋಟಿಗಟ್ಟಲೆ ಹೊಡೆದ ಚಿಲ್ಲರೆ ಇದು. ಸವೆದ 1 ಫೆನಿಗ್ ಇಂದು ಅಗ್ಗ, ನಾಳೆಯೂ ಅಗ್ಗವೇ. ಲಾಭ ಬೇಕಾದವರು ಬೇರೆ ಕಡೆ ಹೋಗಲಿ. ಒಬ್ಬ ವಿದ್ಯಾರ್ಥಿ ಊಟದ ದುಡ್ಡು ಉಳಿಸದೆಯೂ ನೂರೈವತ್ತು ವರ್ಷ ಹಳೆಯ ನಾಣ್ಯ ಕೊಂಡು, ತೂಗಿ, ಓದಿ, ಗೆಳೆಯನಿಗೆ ತೋರಿಸಬಹುದು. ನಾನು ಫ್ರೈಬರ್ಗ್‌ನಲ್ಲಿ ಹಾಗೇ ಮಾಡಿದ್ದು. ಅಗ್ಗ ಇರುವುದು ನಮ್ಮ ಪುಣ್ಯ.

ಸಿ ಮತ್ತು ಎಚ್ ಹುಡುಕುವ ದಾರಿ ಹೇಳುತ್ತೇನೆ. ವ್ಯಾಪಾರಿಯ ಚಿಲ್ಲರೆ ತಟ್ಟೆಯಲ್ಲಿ ದೊಡ್ಡ ಹದ್ದು ಕಂಡರೆ ಪಕ್ಕಕ್ಕೆ ತಳ್ಳಿ, ತಿರುವಿ ನೋಡಲೇ ಹೋಗಬೇಡಿ. ಚಿಕ್ಕ ಹದ್ದಿನಲ್ಲೂ 1880ರ ದಶಕದ್ದು ಬಿಡಿ. 1874, 1875, 1876 ಇಷ್ಟನ್ನೇ ಆರಿಸಿ. ಅವು ಕಪ್ಪಗೆ ಸವೆದಿರುತ್ತವೆ, ಅಕ್ಷರ ಕಾಣುವುದಿಲ್ಲ. ಬೆಳಕನ್ನು ಪಕ್ಕದಿಂದ, ಅಡ್ಡವಾಗಿ ಬೀಳುವ ಹಾಗೆ ಹಿಡಿಯಿರಿ. ಮೊಬೈಲ್ ಟಾರ್ಚ್ ಸಾಕು. ಹದ್ದಿನ ಬಾಲದ ಹತ್ತಿರ ಭೂತಗನ್ನಡಿ ಇಡಿ. ಸವೆದ ಸಿ ಅಕ್ಷರ ಜಿ ತರಹ ಕಾಣುತ್ತದೆ, ಜಿ ಅಕ್ಷರ ಸಿ ತರಹ ಕಾಣುತ್ತದೆ. ನೀವಿರುವ ಊರಲ್ಲಿ ಜಿ ಜಾಸ್ತಿ ಸಿಗುವುದರಿಂದ ಇದು ಮುಖ್ಯ. ಅಕ್ಷರದ ಒಳಗೆ ಚಿಕ್ಕ ಅಡ್ಡಗೆರೆಯ ಗುರುತು ಉಳಿದಿದೆಯಾ ಅಂತ ಎರಡೂ ಕಡೆಯಿಂದ ಬೆಳಕು ಬಿಟ್ಟು ನೋಡಿ. ಅನುಮಾನ ಇದ್ದರೆ ಇಲ್ಲಿ ಫೋಟೋ ಹಾಕಿ, ಎರಡು ಬದಿಯದೂ, ಇಸವಿ ಕಾಣುವ ಹಾಗೆ.

ಬೆಳಗಾವಿ_ನಾಣ್ಯ:

ಎಚ್ ಸಿಕ್ಕರೆ ಒಂದು ಜಾಸ್ತಿ ತೆಗೆದುಕೊಳ್ಳಿ. ಅಂಚೆ ಖರ್ಚು ನಾನು ಕೊಡುತ್ತೇನೆ.